ಐಬು ಇದ್ರ ಅಲ್ಲೇ ಬರೀರಿ

ಕಂಪನಿ ಹುಡುಗಿ ಫೋನ್ ಮಾಡಿದಾಗ ನಾ ಒಂದು ಕಲ್ಲಿಗಿ ಥರ್ಮಾಕೋಲ್ ಸುತ್ತಲಿಕತ್ತಿದ್ದೆ. ಒಂದು ಕೈಯಾಗ ಟೇಪು, ಒಂದು ಕೈಯಾಗ ಕತ್ರಿ. ಫೋನ್ ಹೆಗಲಿಗಿ ಹಚ್ಚಿ ಕಿವಿಯಿಂದ ಹಿಚುಕಿ ಹಿಡ್ಕೊಂಡು "ಹೇಳ್ರಿ" ಅಂದೆ.

"ಮೇಡಂ, ನಿಮ್ಮ ಸ್ಟೋರಿಗೆ ಇನ್ನು ಅರವತ್ತು ದಿನ ಟೈಮ್ ಇದೆ. ಅಷ್ಟರೊಳಗೆ ಐವತ್ತು ರಿವ್ಯೂ ಆಗ್ಬೇಕು. ಸರಾಸರಿ ಮೂರೂವರೆ ಸ್ಟಾರ್‌ಗಿಂತ ಕೆಳಗೆ ಇಳೀಬಾರ್ದು. ಇಲ್ಲಾಂದ್ರೆ ಸ್ಟೋರ್ ಕ್ಲೋಸ್ ಆಗುತ್ತೆ."

"ಈಗ ಎಷ್ಟ ಬಂದಾವ್ರಿ?"

"ಆರು."

ನೂರಾ ಎಂಬತ್ತು ಕಲ್ಲು ಮಾರಿದ್ದೆ ನಾ. ಒಂದೂ ಹೊಳ್ಳಿ ಬಂದಿದ್ದಿಲ್ಲ. ಆದ್ರ ಅದರ ಬಗ್ಗೆ ಬರದವ್ರು ಆರೇ ಮಂದಿ. ಆ ಆರರಾಗ ಒಂದು ಬರೇ 'ಓಕೆ' ಅಂತಿತ್ತು, ಇನ್ನೊಂದು ಪಾರ್ಸಲ್ ತಂದವ ಭಾಳ ಶಾಣ್ಯಾ ಇದ್ದ ಅಂತ ಹೊಗಳಿ ಬರದದ್ದು. ಕಲ್ಲಿನ ಸುದ್ದಿನೇ ಇಲ್ಲ!

ನನ್ನ ಅಂಗಡಿ ಅಂದ್ರ ಆ ಕಂಪನಿಯ ದೊಡ್ಡ ಆನ್‌ಲೈನ್ ಬಜಾರಿನ ಮೂಲ್ಯಾಗ ಇರೋ ಒಂದು ಪುಟ. ಅದರಾಗ ನಾ ಮಾರೋದು ಮುಖ್ಯ ಒಂದೇ ಸಾಮಾನು, ರೊಟ್ಟಿ ಬಡಿಯೋ ಕಲ್ಲು. ಶಹಾಬಾದಿನ ಫರ್ಸಿ, ಅಂದ್ರ ನೆಲಕ್ಕ ಹಾಸೋ ಚಪ್ಪಡಿ ಕಲ್ಲು. ಒಂದೂವರಿ ಅಡಿ ಉದ್ದ, ಒಂದೂವರಿ ಅಡಿ ಅಗಲ, ಮ್ಯಾಲಿನ ಮೈ ನುಣ್ಣಗ, ಕೆಳಗಿನ ಮೈ ಖಣಿಯಿಂದ ಬಂದ ಹಂಗೇ ಒರಟು. ಹತ್ತು ಕೆಜಿ ತೂಗ್ತದ. ಪುಣೆ, ಸೊಲ್ಲಾಪುರ, ಹೈದರಾಬಾದಿನ ಫ್ಲ್ಯಾಟಿನಾಗ ಇರೋ ನಮ್ಮ ಕಡಿ ಹೆಣ್ಮಕ್ಕಳು ತರಿಸ್ತಾರ. ಅವರ ಗ್ರ್ಯಾನೈಟ್ ಕಟ್ಟಿ ಮ್ಯಾಲ ಜೋಳದ ಹಿಟ್ಟು ಹಿಡೀತದ, ರೊಟ್ಟಿ ತಿರುಗಂಗಿಲ್ಲ, ಅಂಚು ಹರೀತದ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡಿಯವ್ರೂ ತರಿಸ್ತಾರ, ಯಾಕಂದ್ರ ಈಗ ಇಲ್ಲಿ ಮನಿಗೋಳಿಗೂ ಟೈಲ್ಸ್ ಬಂದಾವ.

ಆ ಟೈಲ್ಸೇ ನಮ್ಮ ಹೊಟ್ಟಿ ಮ್ಯಾಲ ಹೊಡದದ್ದು. ಶಹಾಬಾದಿನಾಗ ನಮ್ಮ ಮಾಮಾಂದು ಪಾಲಿಶ್ ಕಾರಖಾನಿ ಅದ. ನಮ್ಮ ಅವ್ವನ ತಮ್ಮ ಅಂವ. ಮೊದಲು ನಾಕು ಮಷೀನ್ ನಡೀತಿದ್ದು, ಲಾರಿ ಸಾಲು ನಿಲ್ತಿತ್ತು. ಈಗ ಒಂದೇ ಮಷೀನು, ಇಬ್ಬರು ಹೆಣ್ಮಕ್ಕಳು ಕೆಲಸದವ್ರು, ಮಾಮಾ, ಮತ್ತ ನಾನು. ಆ ಒಂದು ಮಷೀನನ್ನೂ ನೋಡಿ ಹೋಗ್ಲಿಕ್ಕ ಹಳೇ ಕಬ್ಬಿಣ ಕೊಳ್ಳೋ ಗುಜರಿ ಭಂಗಾರದವ ಎರಡು ಸಲ ಬಂದಿದ್ದ. ಮಾಮಾ ನನಗ ನೆಟ್ಟಗ ಹೇಳಿಬಿಟ್ಟಿದ್ದ. "ನಿನ್ನ ಆ ಫೋನಿನ ಅಂಗಡಿ ನಡದ್ರ ಮಷೀನ್ ನಡೀತದವ್ವ. ಅದು ನಿಂತ್ರ ಮಷೀನ್ ಭಂಗಾರಕ್ಕ ಹಾಕ್ತೀನಿ. ನನಗ ಇನ್ನ ತಡ್ಕೊಳ್ಳೋದು ಆಗಂಗಿಲ್ಲ."

ಹಿಂಗಿರೋವಾಗ ಅರವತ್ತು ದಿನ, ನಲವತ್ನಾಕು ರಿವ್ಯೂ. ನಾ ಅಂದ್ಕೊಂಡೆ, ಇದೇನ್ ಮಹಾ!

ಕಂಪನಿ ಹುಡುಗಿ ತಾನೇ ದಾರಿ ತೋರಿಸಿದ್ಳು. ಅಂಗಡಿಯ ಸೆಟ್ಟಿಂಗಿನಾಗ ಒಂದು ಗುಂಡಿ ಇತ್ತು, ಅದನ್ನ ಒತ್ತಿದ್ರ ಕಲ್ಲು ಮುಟ್ಟಿದ ದಿನ ಒಂದು ಮೆಸೇಜು, ಮೂರನೇ ದಿನ ಒಂದು, ಏಳನೇ ದಿನ ಇನ್ನೊಂದು, ಅಷ್ಟಕ್ಕೂ ಸುಮ್ನಿದ್ರ ಹತ್ತನೇ ದಿನ ಮತ್ತೊಂದು ತನ್ನಷ್ಟಕ್ಕ ತಾನೇ ಹೋಗ್ತದ. ಮೆಸೇಜನ್ನೂ ಅವರೇ ಬರದಿಟ್ಟಿದ್ರು. 'ಹಾಯ್! ನಿಮ್ಮ ಹೊಸ ಖರೀದಿ ನಿಮಗೆ ಖುಷಿ ಕೊಟ್ಟಿದೆಯೇ? ಐದು ನಕ್ಷತ್ರ ಕೊಟ್ಟು ನಮ್ಮ ಪುಟ್ಟ ಕುಟುಂಬವನ್ನು ಬೆಂಬಲಿಸಿ!' ಕಡೀಗಿ ಎರಡು ಹೂವು, ಒಂದು ನಮಸ್ಕಾರದ ಕೈ. ಪುಟ್ಟ ಕುಟುಂಬ ಅಂತ! ನಮ್ಮ ಮಾಮಾನ್ನ ನೋಡಿದ್ರ ಹಂಗ ಅಂತಿದ್ದಿಲ್ಲ, ಆರಡಿ ಆಳು.

ಒತ್ತಿದೆ. ಎರಡು ವಾರದಾಗ ನಾಕು ರಿವ್ಯೂ ಬಂದು. ಹನ್ನೊಂದು ಮಂದಿ ನನ್ನನ್ನ ಬ್ಲಾಕ್ ಮಾಡಿದ್ರು. ಆಮ್ಯಾಲ ಚಂದಾಪುರದಿಂದ ಒಂದು ಫೋನ್ ಬಂತು. ರಿಟೈರ್ ಆದ ಟೀಚರ್ ಅವ್ರು, ಎಂಟು ದಿನದ ಹಿಂದ ಕಲ್ಲು ತರಿಸಿಕೊಂಡಿದ್ರು.

"ಕಲ್ಲು ಮಾರಿದಾಕಿ ನೀನೇ ಏನವ್ವ?"

"ಹೌದ್ರಿ ಟೀಚರ್."

"ನಾ ಮೂವತ್ತು ವರ್ಷ ಸಾಲಿ ಕಲಿಸೀನಿ. ಪೇಪರ್ ಬರದು ಕೊಟ್ಟು, ಐದಕ್ಕ ಐದು ಹಾಕ್ರಿ ಐದಕ್ಕ ಐದು ಹಾಕ್ರಿ ಅಂತ ಒಂದು ಹುಡುಗನೂ ನನ್ನ ಬೆನ್ನ ಹತ್ತಿಲ್ಲ. ನೀ ಹತ್ತಿದಿ ನೋಡು."

"ತಪ್ಪಾಯ್ತ್ರಿ, ಅದು ತಾನೇ ಹೋಗ್ತದ್ರಿ..."

"ತಾನೇ ಹ್ಯಾಂಗ ಹೋಗ್ತದ? ನೀ ಕಳಿಸಿದ್ರ ಹೋಗ್ತದ. ಆ ಕಲ್ಲಿನ ಮ್ಯಾಲ ನಾ ಇನ್ನಾ ಒಂದು ರೊಟ್ಟಿನೂ ಬಡದಿಲ್ಲ. ಅಮಾಸಿ ಹೋಗ್ಲಿ ಅಂತ ತೊಳದು ಇಟ್ಟೀನಿ. ಅಷ್ಟರಾಗ ಮೂರು ಸಲ ಕೇಳಿದಿ, ಖುಷಿ ಆಯ್ತಾ, ಖುಷಿ ಆಯ್ತಾ. ಹಿಂಗ ಕೇಳ್ಲಿಕ್ಕ ನಾಚಿಕಿ ಬರಂಗಿಲ್ಲೇನು?"

ನನ್ನ ಮಾರಿ ಸಣ್ಣದಾಯ್ತು. ಅವ್ರು ಅಂದದ್ದರಾಗ ಒಂದಕ್ಷರ ಸುಳ್ಳಿದ್ದಿಲ್ಲ. ಹೊಸ ಸಾಮಾನು ಅಮಾಸಿ ಮುಂದ ಬಳಸಬಾರದು ಅಂತ ನಮ್ಮ ಅವ್ವನೂ ಅಂತಾಳ, ನನಗ ಗೊತ್ತಿದ್ದದ್ದೇ. ಅದೇ ಮಧ್ಯಾಹ್ನ ಆ ಗುಂಡಿ ಬಂದ್ ಮಾಡಿಬಿಟ್ಟೆ.

ಆಮ್ಯಾಲ ಇನ್ನೊಂದು ಶಾಣ್ಯಾತನ ಮಾಡಿದೆ. ಕಲ್ಲು ಕೊರದಾಗ ಉಳಿಯೋ ಚೂರಿನಾಗ ದುಂಡಗ ಬಿಲ್ಲಿ ಕಟ್ ಮಾಡಿಸಿದೆ, ಚಾ ಕಪ್ ಇಡ್ಲಿಕ್ಕ. ಪಾರ್ಸಲ್ ಒಳಗ ಒಂದು ಬಿಲ್ಲಿ, ಒಂದು ಚೀಟಿ. 'ಐದು ಸ್ಟಾರ್ ಕೊಟ್ಟು ತೋರಿಸಿದ್ರ ಇನ್ನೊಂದು ಪುಕ್ಕಟ.' ಚೀಟಿ ಮಾಮಾನ ಕೈಗಿ ಸಿಕ್ತು. ಅಂವ ಚಾಳೀಸು ಹಾಕ್ಕೊಂಡು ಎರಡು ಸಲ ಓದಿದ.

"ಇದಕ್ಕ ಏನಂತಾರ ಗೊತ್ತದೇನು?"

"ಆಫರ್ ಅಂತಾರ ಮಾಮಾ."

"ಲಂಚ ಅಂತಾರ" ಅಂದು ಚೀಟಿ ನನ್ನ ಮುಂದ ಇಟ್ಟು ಹೋದ. ನನಗ ಸಿಟ್ಟು ಬಂತು. ನಾ ಯಾರ ಸಲುವಾಗಿ ಮಾಡ್ಲಿಕತ್ತೀನಿ ಇದೆಲ್ಲ? ಆದ್ರ ಮೂರು ದಿನಕ್ಕ ಕಂಪನಿಯಿಂದಲೂ ಅದೇ ಮಾತು ಬಂತು, ಇನಾಮು ಕೊಟ್ಟು ರಿವ್ಯೂ ತಗೊಳ್ಳೋದು ನಿಯಮದ ವಿರುದ್ಧ ಅಂತ. ಚೀಟಿ ಎಲ್ಲಾ ನೀರಿನ ಒಲಿಗಿ ಹಾಕಿದೆ.

ಈಗ ನಾ ಮಾಡಿದ ದೊಡ್ಡ ತಪ್ಪು ಹೇಳ್ತೀನಿ. ತಪ್ಪು ಅಂತ ಕಂಪನಿಯವ್ರು ಅಂತಾರ. ನಾ ಇನ್ನಾ ಒಪ್ಪಂಗಿಲ್ಲ.

ಅಂಗಡಿ ತೆಗಿಯೋಕ್ಕಿಂತ ಮೊದಲು ನಾ ವಾಡಿ ಸ್ಟೇಷನ್ ಹತ್ರ ಒಂದು ಆನ್‌ಲೈನ್ ಸೆಂಟರಿನಾಗ ಹನ್ನೊಂದು ವರ್ಷ ಕೆಲಸ ಮಾಡೀನಿ. ಪೆನ್ಶನ್ ಅರ್ಜಿ, ರೇಷನ್ ಕಾರ್ಡಿನ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್ಪು. ಮಂದಿ ಎದುರಿಗಿ ಕುಂತು ಹೇಳ್ತಾರ, ನಾ ಬರೀತೀನಿ, ಹೊಳ್ಳಿ ಓದಿ ತೋರಿಸ್ತೀನಿ, ಅವ್ರು ಹ್ಞೂಂ ಅಂದ ಮ್ಯಾಲ ಕಳಿಸ್ತೀನಿ. ಹೇಳಿದವರದು ಮಾತು, ಬರದವರದು ಕೈ. ನಮ್ಮ ಕಡಿ ಇದು ಹಿಂದಿನಿಂದ ನಡದು ಬಂದ ರೀತಿ. ಹಂಗಾಗಿ ನನಗ ಅನಿಸ್ತು, ಬರೀಲಿಕ್ಕ ಬರಂಗಿಲ್ಲ ಅಂತ ತಾನೇ ಕಲ್ಲು ಕೊಂಡವ್ರು ಸುಮ್ನಿದ್ದದ್ದು? ನಾನೇ ಹೋಗಿ ಬರ್ಕೊಂಡು ಬಂದ್ರಾಯ್ತು.

ಒಂದು ಚೀಲದಾಗ ಚಾರ್ಜರು, ನೀರಿನ ಬಾಟಲಿ, ಎರಡು ರೊಟ್ಟಿ, ಶೇಂಗಾ ಹಿಂಡಿ ಹಾಕ್ಕೊಂಡು ಹೊಂಟೆ. ವಾಡಿಯಿಂದ ಪ್ಯಾಸೆಂಜರ್ ಹತ್ತಿ ಚಿತ್ತಾಪುರ, ಮರುದಿನ ಸೇಡಂ, ಅಲ್ಲಿಂದ ಬಸ್ಸಿಗಿ ಚಿಂಚೋಳಿ. ಒಂದೊಂದು ಮನ್ಯಾಗ ಒಂದೊಂದು ತಾಸು. ಚಾ ಕುಡೀದೆ ಯಾರೂ ಬಿಡಂಗಿಲ್ಲ. ಫೋನ್ ಗಂಡನ ಹೆಸರಿನಾಗ ಇರ್ತದ, ಕನ್ನಡ ಒತ್ತೋದು ಬರಂಗಿಲ್ಲ, ಎಲ್ಲಿ ಬರೀಬೇಕು ಅದೂ ಗೊತ್ತಿಲ್ಲ. ನನ್ನ ಫೋನಿನಾಗ ಅವರ ನಂಬರ್ ಹಾಕಿ, ಅವರಿಗಿ ಬಂದ ಗುಟ್ಟಿನ ಸಂಖ್ಯೆ ಕೇಳಿ ಒಳಗ ಹೋಗಿ, ಅವ್ರು ಹೇಳಿದ್ದು ಹೇಳಿದಂಗ ಬರದೆ. ಸೇಡಂನಾಗ ಒಬ್ಬಾಕಿ "ಭಾಳ ಛಲೋ ಅಂತ ಬರದೀ ಏನು? ಭಾಳ ತೆಗಿ, ಛಲೋ ಅಷ್ಟೇ ಸಾಕು" ಅಂದ್ಳು. ತೆಗದೆ. ಕಡೀಕ ಚಂದಾಪುರಕ್ಕೂ ಹೋದೆ, ಟೀಚರ್ ಮನಿಗಿ, ಬೈಸಿಕೊಳ್ಳೋದಿದ್ರ ಎದುರಿಗೇ ಬೈಸಿಕೊಳ್ತೀನಿ ಅಂತ. ಅವ್ರು ಬೈಲಿಲ್ಲ. ಕುಂದ್ರು ಅಂದ್ರು, ಕಲ್ಲಿನ ಬಗ್ಗೆ ಒಂಬತ್ತು ಸಾಲು ಹೇಳಿ ಬರಸಿದ್ರು, ಮೂರು ಸ್ಟಾರ್ ಕೊಟ್ರು.

"ಟೀಚರ್, ಇಷ್ಟು ಛಲೋ ಹೇಳಿ ಮೂರೇ ಏನ್ರಿ?"

"ಐದಕ್ಕ ಐದು ನಾ ನನ್ನ ಮಗನಿಗೂ ಹಾಕಿಲ್ಲ" ಅಂದ್ರು.

ಐದು ದಿನದಾಗ ಇಪ್ಪತ್ಮೂರು ರಿವ್ಯೂ. ಬಸ್ಸಿನಾಗ ಕುಂತು ನಾ ನನ್ನಷ್ಟಕ್ಕ ನಕ್ಕೊಂತ ಬಂದೆ, ಬಾಜು ಕುಂತಾಕಿ ಹೊಳ್ಳಿ ಹೊಳ್ಳಿ ನೋಡಿದ್ಳು.

ಆರನೇ ದಿನ ಮುಂಜಾನಿ ಅಂಗಡಿ ತೆರದು ನೋಡಿದ್ರ ಇಪ್ಪತ್ಮೂರೂ ಗಾಯಬ್! ಮತ್ತ ಹತ್ತಕ್ಕ ಬಂದು ನಿಂತಿದ್ದೆ. ಒಂದು ಮೇಲ್ ಬಂದಿತ್ತು, ಒಂದೇ ಫೋನಿನಿಂದ ಬರೆದ ನಕಲಿ ವಿಮರ್ಶೆಗಳನ್ನು ಅಳಿಸಲಾಗಿದೆ, ಇದು ಕೊನೆಯ ಎಚ್ಚರಿಕೆ ಅಂತ.

ನಕಲಿ! ಆ ಒಂದು ಶಬ್ದಕ್ಕ ನನ್ನ ಮೈ ಉರೀತು. ಕಂಪನಿ ಹುಡುಗಿಗಿ ಫೋನ್ ಹಚ್ಚಿದೆ.

"ಮೇಡಂ, ಇಪ್ಪತ್ಮೂರು ಜನ ಒಂದೇ ಫೋನಿಂದ ಬರೆದ್ರೆ ಸಿಸ್ಟಮ್ ಅದನ್ನ ಫೇಕ್ ಅಂತಾನೇ ತಗೊಳ್ಳುತ್ತೆ. ನಾನೇನೂ ಮಾಡಕ್ಕಾಗಲ್ಲ."

"ಬರದದ್ದು ನಾನು, ಹೇಳಿದ್ದು ಅವ್ರು. ಇಪ್ಪತ್ಮೂರು ನಂಬರ್ ನಿಮ್ಮ ಹಂತ್ಯಾಕೇ ಅವ. ಒಬ್ಬೊಬ್ಬರಿಗೂ ಫೋನ್ ಹಚ್ಚಿ ಕೇಳ್ರಿ. ಒಬ್ಬರರೇ ನಾ ಹೇಳಿಲ್ಲ ಅಂದ್ರ ನಾನೇ ಅಂಗಡಿ ಮುಚ್ಚತೀನಿ. ಕೇಳದೇ ನಕಲಿ ಅಂದ್ರ ನಾ ಬಿಡಾಕಿ ಅಲ್ಲ."

ಆ ಹುಡುಗಿ ಒಳ್ಳೇಕಿ. ಮ್ಯಾಲಿನವರಿಗಿ ಹೇಳಿ ಫೋನ್ ಮಾಡಿಸಿದ್ಳು. ಏನೇನ್ ಕೇಳಿದ್ರು, ಏನೇನ್ ಹೇಳಿದ್ರು ನನಗ ಎಲ್ಲಾ ಗೊತ್ತಿಲ್ಲ. ಟೀಚರ್ ಮಾತ್ರ ಸಂಜಿಕಿ ತಾವೇ ಫೋನ್ ಮಾಡಿ ಹೇಳಿದ್ರು. "ಯಾವನೋ ಒಬ್ಬ ಕೇಳಿದ, ಈ ವಿಮರ್ಶೆ ನಿಮ್ಮದೇನಾ ಅಂತ. ನಿಮ್ಮ ಆಫೀಸಿನಾಗ ಸಾಹೇಬ ಹೇಳಿ ಕ್ಲರ್ಕ್ ಬರದ್ರ ಆ ಪತ್ರ ಯಾರದ್ದು ಅಂತ ಹೊಳ್ಳಿ ನಾನೇ ಕೇಳಿದೆ. ಫೋನ್ ಇಟ್ಟ."

ವಾರ ಬಿಟ್ಟು ಕಂಪನಿ ಒಪ್ಪಿತು, ನಕಲಿ ಅಲ್ಲ ಅಂತ. ಎಚ್ಚರಿಕೆ ತೆಗದ್ರು. ಆದ್ರ ಅಳಿಸಿದ್ದನ್ನ ಹೊಳ್ಳಿ ಹಚ್ಚಂಗಿಲ್ಲ, ಬೇಕಾದ್ರ ಅವರವರ ಫೋನಿನಿಂದ ಅವರವರೇ ಬರೀಬೇಕು ಅಂದ್ರು. ಇಜ್ಜತ್ ಉಳೀತು, ರಿವ್ಯೂ ಹೋಯ್ತು. ಇಪ್ಪತ್ತೆಂಟು ದಿನ ಉಳದಿದ್ದು.

ಇಂಥ ಹೊತ್ತಿಗೇ ಒಬ್ಬಂವ ಫೋನ್ ಮಾಡಿದ. ರಿವ್ಯೂ ಮಾರೋ ಧಂದೆ ಅವಂದು. ನನ್ನ ನಂಬರ್ ಎಲ್ಲಿ ಸಿಕ್ತೋ. "ಐವತ್ತಾ ಮೇಡಂ? ನೂರು ಕೊಡ್ತೀನಿ. ಬೇರೆ ಬೇರೆ ಊರಿಂದು, ಬೇರೆ ಬೇರೆ ಫೋನಿಂದು. ಯಾವ ಸಿಸ್ಟಮ್ಮಿಗೂ ಗೊತ್ತಾಗಲ್ಲ" ಅಂದು ಮಾದರಿ ನಾಕು ಕಳಿಸಿದ. ಒಂದರಾಗ ಇತ್ತು, 'ತುಂಬಾ ಮೃದುವಾಗಿದೆ, ತೊಳೆದ ಮೇಲೂ ಬಣ್ಣ ಹೋಗಿಲ್ಲ, ನನ್ನ ಪತಿಗೆ ಸರಿಯಾಗಿ ಹೊಂದುತ್ತದೆ.'

ಯಪ್ಪಾ! ನಾ ನಕ್ಕು ನಕ್ಕು ಕೆಲಸದ ಹೆಣ್ಮಕ್ಕಳಿಗೂ ಓದಿ ಹೇಳಿದೆ, ಅವ್ರೂ ಹೊಟ್ಟಿ ಹಿಡ್ಕೊಂಡು ನಕ್ಕರು. ನಗು ಇಳದ ಮ್ಯಾಲ ಸಿಟ್ಟು ಏರ್ತು. ಖರೇ ಮಂದಿಯ ಖರೇ ಮಾತು ನಕಲಿ, ಇವನ ಈ ಹೊಲಸು ಅಸಲಿ! ಅವನಿಗಿ ಬರದೆ, "ನಲವತ್ತು ವರ್ಷದಾಗ ನಮ್ಮ ಕಲ್ಲಿಗಿ ಮೃದು ಅಂದವ ನೀ ಒಬ್ಬನೇ. ಶಹಾಬಾದಿಗಿ ಬಾ, ತಲಿ ಮ್ಯಾಲ ಇಟ್ಟು ತೋರಿಸ್ತೀನಿ." ಮತ್ತ ಅಂವ ಬರೀಲಿಲ್ಲ.

ಸಿಟ್ಟಿನಿಂದ ರಿವ್ಯೂ ಬರಂಗಿಲ್ಲ, ಅದೂ ಗೊತ್ತಿತ್ತು. ಎರಡು ದಿನ ಸುಮ್ಮ ಕುಂತೆ.

ಮೂರನೇ ದಿನ ಹೈದರಾಬಾದಿನಿಂದ ಒಬ್ಬ ಗುತ್ತೇದಾರ ಕಾರಖಾನಿಗಿ ಬಂದ, ಒಂದು ಅಂಗಳಕ್ಕ ಹಾಸಲಿಕ್ಕ ಫರ್ಸಿ ಬೇಕಂತ. ನಾ ಸಣ್ಣಾಕಿದ್ದಾಗಿಂದ ನೋಡಿದ್ದೇ ಇದು, ಆದ್ರ ಅವತ್ತು ಕಣ್ಣು ಬಿಟ್ಟು ನೋಡಿದೆ. ಗೋಡಿಗಿ ಒರಗಿಸಿ ನಿಲ್ಲಿಸಿದ ಕಲ್ಲಿನ ಸಾಲಿನ ಮುಂದ ಅಂವ ಒಂದು ಸಣ್ಣ ಕಬ್ಬಿಣದ ಸಲಾಕಿ ಹಿಡ್ಕೊಂಡು ನಡದ. ಒಂದೊಂದನ್ನೂ ಬಡದು ಕಿವಿಗೊಟ್ಟು ಕೇಳ್ತಾನ. ಖಣ್ ಅಂದ್ರ ಗಟ್ಟಿ. ಬದ್ ಅಂದ್ರ ಒಳಗ ಸೀಳು. ಮಾಮಾ ಕೈ ಹಿಂದಕ್ಕ ಕಟ್ಟಿಕೊಂಡು ಅವನ ಹಿಂದ ನಡದ. ಕಲ್ಲು ಹ್ಯಾಂಗದ, ಪಸಂದ ಆಯ್ತಾ, ಒಂದೂ ಕೇಳ್ಲಿಲ್ಲ. ಒಂದೇ ಮಾತು. "ಐಬು ತಗೀರಿ ಸಾಬ್."

ಅಂದ್ರ ಕೊರತಿ ಏನದ ಅದನ್ನ ತೆಗದು ಹೇಳ್ರಿ ಅಂತ.

"ಇದರ ಮೂಲಿ ಹೋಗ್ಯದ. ಇದು ಬದ್ ಅಂತದ. ಇದರ ದಪ್ಪ ಒಂದು ಕಡಿ ಕಮ್ಮಿ." ಗುತ್ತೇದಾರ ಗೇರುವಿನ ಕೆಂಪು ತುಂಡಿನಿಂದ ಗುರ್ತು ಹಾಕಿಕೋತ ಹೋದ. ಮಾಮಾ ಒಂದಕ್ಕೂ ಎದುರು ಮಾತಾಡ್ಲಿಲ್ಲ. ಮುಕ್ಕಾಲು ತಾಸು ಆ ಮನಷ್ಯಾ ಬಾಯಿ ಮುಚ್ಚಲಿಲ್ಲ, ಕಡೀಗಿ ಗುರ್ತು ಹಾಕದೇ ಉಳದದ್ದನ್ನೆಲ್ಲ ಲಾರಿಗಿ ಹಾಕಿಸಿಕೊಂಡು ಹೋದ.

ನಾ ಅಲ್ಲೇ ಒಂದು ಕಲ್ಲಿನ ಮ್ಯಾಲ ಕುಂತೆ. ನನ್ನ ಮಂದಿಗಿ ನಾ ಕೇಳಿದ್ದು ಏನು? ಖುಷಿ ಆಯ್ತಾ, ಹೊಗಳ್ರಿ. ಇಲ್ಲಿ ಯಾರು ಹಂಗ ಕೇಳ್ತಾರ? ನಮ್ಮ ಮನ್ಯಾಗ ಉಣ್ಣಾಕ ನೀಡಿದವ್ರು ಅಡಗಿ ಛಲೋ ಆಗ್ಯದೇನ್ರಿ ಅಂತ ಬಾಯಿಬಿಟ್ಟು ಕೇಳಂಗಿಲ್ಲ. ಉಪ್ಪು ಕಮ್ಮಿ ಆಯ್ತೇನ್ರಿ, ಖಾರ ಹೆಚ್ಚಾಯ್ತೇನ್ರಿ ಅಂತ ಕೇಳ್ತಾರ. ಹೊಗಳಿಕಿ ಕೇಳಿದ್ರ ಮಂದಿ ಮಾರಿ ತಿರುಗಿಸ್ತಾರ. ಐಬು ಕೇಳಿದ್ರ ಕುಂತು ಮಾತಾಡ್ತಾರ.

ಅವತ್ತೇ ಬರದೆ. ಎಂಟು ಸಲ ಬರದು ಹರದು ಒಂಬತ್ತನೇದು ಇಟ್ಟೆ.

'ಶರಣ್ರಿ. ನಾನು ಶಹಾಬಾದಿನ ಕಲ್ಲಿನಂಗಡಿಯಾಕಿ. ನಿಮ್ಮ ಕಲ್ಲಿನ ಆರ್ಡರ್ ನಂಬರ್ ಇಂಥಾದ್ದು. ಬಳಸಿ ನೋಡಿದ ಮ್ಯಾಲ ಐಬು ಏನರೇ ಕಂಡಿದ್ರ ನನಗ ಹೇಳಬ್ಯಾಡ್ರಿ, ಅಂಗಡಿ ಪುಟದಾಗ ಎಲ್ಲರಿಗೂ ಕಾಣಂಗ ಅಲ್ಲೇ ಬರೀರಿ. ಒತ್ತಲಿಕ್ಕ ಬರದಿದ್ರ ಮೈಕಿನ ಗುರ್ತು ಒತ್ತಿ ಮಾತಾಡ್ರಿ, ಅದೇ ಬರ್ಕೊಳ್ತದ. ಇದೊಂದೇ ಸಲ ಕೇಳ್ತೀನಿ, ಮತ್ತ ಕೇಳಂಗಿಲ್ಲ.'

ಕಳಿಸೋದಕ್ಕೂ ನಿಯಮ ಮಾಡ್ಕೊಂಡೆ. ಮಷೀನಿನಿಂದ ಗುಂಪಿಗಿ ಕಳಿಸೋದಿಲ್ಲ, ನನ್ನ ನಂಬರಿನಿಂದ ಒಬ್ಬೊಬ್ಬರಿಗಿ, ಹೆಸರು ಹಾಕಿ. ಕಲ್ಲು ಮುಟ್ಟಿ ನಡುವ ಒಂದು ಅಮಾಸಿ ದಾಟಿರಬೇಕು. ಮಧ್ಯಾಹ್ನ ಮೂರಕ್ಕ, ಭಾಂಡೆ ತಿಕ್ಕಿ ಹೆಣ್ಮಕ್ಕಳು ಜರಾ ಕುಂದ್ರೋ ಹೊತ್ತಿಗಿ. ಸಂತಿ ದಿನ ಇಲ್ಲ, ಹಬ್ಬದ ದಿನ ಇಲ್ಲ. ದಿನಕ್ಕ ಹತ್ತೇ. ಕಳಿಸಿದ ಹೆಸರಿನ ಮ್ಯಾಲ ನೋಟ್‌ಬುಕ್ಕಿನಾಗ ಗೆರಿ. ಗೆರಿ ಬಿದ್ದವರಿಗಿ ಸತ್ತರೂ ಎರಡನೇ ಸಲ ಇಲ್ಲ. ಎಲ್ಲಿ ಒತ್ತಬೇಕು ಅಂತ ತೋರಿಸಲಿಕ್ಕ ನನ್ನ ಫೋನಿನ ಮೂರು ಫೋಟೋ ತಗೊಂಡು, ಕೆಂಪು ಬಾಣ ಹಾಕಿ ಸಂಗಟ ಕಳಿಸಿದೆ.

ಕಂಪನಿ ಹುಡುಗಿ ಕೇಳಿ ದಂಗಾದ್ಳು. "ಮೇಡಂ, ನೀವೇ ಕಂಪ್ಲೇಂಟ್ ಕರೀತಿದ್ದೀರ! ಐವತ್ತು ಬಂದ್ರೂ ಮೂರೂವರೆ ಕೆಳಗೆ ಬಂದ್ರೆ ಮುಗೀತು."

"ಬರ್ಲಿ. ಮುಚ್ಚೋದೇ ಇದ್ರ ಖರೇ ಮಾತು ಕೇಳಿ ಮುಚ್ಚಲಿ. ಹೊಗಳಿಕಿ ಬೇಡಿ ಬದುಕಂಗಿಲ್ಲ ನಾ."

ಹಂಗ ಅಂದೆ ಖರೆ. ಫೋನ್ ಇಟ್ಟ ಮ್ಯಾಲ ನೋಟ್‌ಬುಕ್ ತೆಗದು, ಎಷ್ಟು ಮಂದಿ ಎರಡು ಸ್ಟಾರ್ ಕೊಟ್ರ ಮೂರೂವರಿ ಕೆಳಗ ಬೀಳ್ತದ ಅಂತ ಲೆಕ್ಕ ಹಾಕಿಕೋತ ಕುಂತೆ.

ಮೊದಲ ದಿನದ ಹತ್ತರಾಗ ಏಳು ಮಂದಿ ಬರದ್ರು! 'ಕಲ್ಲು ಭಾರ, ಎತ್ತಿ ತೊಳೀಬೇಕಂದ್ರ ಗಂಡನ್ನ ಕರೀಬೇಕು. ರೊಟ್ಟಿ ಮಾತ್ರ ಹರಿಯಂಗಿಲ್ಲ.' 'ಗ್ರ್ಯಾನೈಟ್ ಮ್ಯಾಲ ಇಟ್ರ ಜಾರ್ತದ, ನಾ ಗೋಣಿ ತುಂಡು ಹಾಕೀನಿ, ನೀವೇ ಹಾಕಿ ಕೊಡಬಾರದೇನು?' 'ಮ್ಯಾಲ ಒಂದು ಬಿಳಿ ಗೆರಿ ಅದ, ನನ್ನ ಅತ್ತಿಗಿ ಸೀಳು ಅಂತಾಳ, ನಾ ಅಲ್ಲ ಅಂತೀನಿ, ಯಾರು ಖರೆ ಹೇಳ್ರಿ.' ಮೈಕಿನಾಗ ಮಾತಾಡಿದವರ ರಿವ್ಯೂದಾಗ ನಡುವ 'ಏ ಹಾಲು ಉಕ್ತು ನೋಡು' ಅನ್ನೋದೂ ಬರದು ಬಂದಿತ್ತು. ಮೊದಲಿನ ಇಪ್ಪತ್ಮೂರರಾಗ ಹದಿನಾಕು ಮಂದಿ ತಮ್ಮ ಫೋನಿನಿಂದ ತಾವೇ ಹೊಳ್ಳಿ ಬರದ್ರು. ಟೀಚರ್ ಒಂಬತ್ತು ಸಾಲನ್ನ ಹನ್ನೆರಡು ಮಾಡಿದ್ರು, ಸ್ಟಾರ್ ಮೂರೇ.

ಒಂದೊಂದಕ್ಕೂ ಕೆಳಗ ನಾ ಉತ್ತರ ಬರದೆ. ಬಿಳಿ ಗೆರಿ ಸೀಳಲ್ಲ, ಕಲ್ಲಿನ ನರ, ಬಡದ್ರ ಖಣ್ ಅಂತದ, ಅತ್ತಿಯವರಿಗಿ ಬಡದು ಕೇಳ್ಲಿಕ್ಕ ಹೇಳ್ರಿ. ಗೋಣಿ ತುಂಡು ಇವತ್ತಿನಿಂದ ನಾವೇ ಹಾಕ್ತೀವಿ. ಆದ್ರ ಸ್ಟಾರ್ ಇಳೀಲಿಕತ್ತು. ನಾಕೂ ಚಿಲ್ಲರಿಯಿಂದ ಮೂರು ಪಾಯಿಂಟ್ ಎಂಟು, ಏಳು, ಆರು. ದಿನಾ ಮುಂಜಾನಿ ಅದನ್ನ ನೋಡೋತನಕ ನನಗ ಚಾ ಇಳೀತಿದ್ದಿಲ್ಲ.

ಅಷ್ಟರಾಗ ಮಳಖೇಡದಿಂದ ಒಂದು ಬಂತು. ಎರಡು ಸ್ಟಾರ್. 'ಕಲ್ಲಿನ ಮೂಲಿ ಚೂರಿ ಹಂಗ ಅದ. ತೊಳ್ಯಾಕ ಎತ್ತಿದಾಗ ಅಂಗೈ ಕೊಯ್ದು ರಕ್ತ ಬಂತು, ಎರಡು ಹೊಲಿಗಿ ಹಾಕ್ಯಾರ. ಮಕ್ಕಳಿರೋ ಮನ್ಯಾಗ ಹಿಂಗ ಕೊಡ್ತಾರೇನು?'

ಮಾಮಾಗ ಓದಿ ಹೇಳಿದೆ. ಅವನ ಮಾರಿ ಕಪ್ಪಿಟ್ಟಿತು.

"ಮೂಲಿ ಧಾರಿ ಇರಬೇಕು. ಅದೇ ಕೆಲಸದ ಗುರ್ತು. ಅಕಿಗಿ ಕಲ್ಲು ಹಿಡೀಲಿಕ್ಕ ಬರಂಗಿಲ್ಲ."

"ಹಾಸೋ ಫರ್ಸಿಗಿ ಇರಬೇಕು ಮಾಮಾ. ಇದು ಕೈಯಾಗ ಹಿಡಿಯೋ ಕಲ್ಲು."

"ಇಷ್ಟು ವರ್ಷದಾಗ ನನ್ನ ಕೆಲಸಕ್ಕ ಹಿಂಗ ಯಾರೂ ಅಂದಿಲ್ಲ. ಊರಿಗೆಲ್ಲ ಕಾಣಂಗ ಬರಸಿದಿ ನೀ."

"ಐಬು ತಗೀರಿ ಅಂತ ನೀನೇ ಅಂತಿಯಲ್ಲ?"

"ಅದು ನನ್ನ ಅಂಗಳದಾಗ!" ಅಂದು ಮಷೀನ್ ಬಂದ್ ಮಾಡಿ ಮನಿಗಿ ನಡದ.

ಮರುದಿನ ಬರ್ಲಿಲ್ಲ. ಮಷೀನ್ ಇಡೀ ದಿನ ನಿಂತಿತ್ತು, ಹೆಣ್ಮಕ್ಕಳು ಇಬ್ಬರೂ ಗೋಣಿ ತುಂಡು ಕತ್ತರಿಸಿಕೋತ ಕುಂತಿದ್ರು. ನನಗ ಅಳು ಬಂತು, ಅತ್ತೆ. ಅವನ ಸಲುವಾಗಿ ಮಷೀನ್ ಉಳಸ್ತೀನಿ ಅಂತ ಹೊಂಟು ಅವನಿಗೇ ನೋವು ಮಾಡಿದ್ದೆ. ಆದ್ರ ಆ ಹೆಣ್ಮಗಳ ಮಾತಿನ ಕೆಳಗ ಉತ್ತರ ಬರದುಬಿಟ್ಟಿದ್ದೆ, 'ತಪ್ಪು ನಮ್ಮದೇ. ನಾಳಿ ಮುಂಜಾನಿ ನಾನೇ ಬಂದು ಮೂಲಿ ತಿಕ್ಕಿ ಕೊಡ್ತೀನಿ' ಅಂತ. ಬರದದ್ದು ಅಳಸಂಗಿಲ್ಲ.

ಮುಂಜಾನಿ ತಿಕ್ಕೋ ಕಲ್ಲು ಚೀಲಕ್ಕ ಹಾಕ್ಕೊಂಡು ಸ್ಟೇಷನ್ನಿಗಿ ಹೋದ್ರ ಮಾಮಾ ಬೆಂಚಿನ ಮ್ಯಾಲ ಕುಂತಿದ್ದ. ನಾ ಹೋಗ್ತೀನಿ ಅಂತ ಕೆಲಸದ ಹೆಣ್ಮಕ್ಕಳು ಹೇಳಿದ್ರಂತ. ಕೈಯಾಗ ಅವಂದೇ ತಿಕ್ಕೋ ಕಲ್ಲು, ಒಂದು ನೀರಿನ ಡಬ್ಬಿ. "ನಿನಗ ತಿಕ್ಕಲಿಕ್ಕ ಬರಂಗಿಲ್ಲ" ಅಂದ. ವಾಡಿಯಾಗ ಗಾಡಿ ಬದಲು ಮಾಡೋ ತನಕ ಅಷ್ಟೇ ಮಾತು. ಮಳಖೇಡ ಹತ್ರ ಬಂದಾಗ ಇನ್ನೊಂದು ಮಾತಾಡಿದ. "ಸ್ಟಾರ್ ಬದಲು ಮಾಡು ಅಂತ ಅಕಿಗಿ ಕೇಳಬ್ಯಾಡ."

ಆ ಹೆಣ್ಮಗಳು ಬಾಗಲ ತೆಗದಾಗ ಬಲಗೈಗಿ ಪಟ್ಟಿ ಇತ್ತು. ಗಂಡ ಸಿಮೆಂಟ್ ಕಾರಖಾನಿ ಡ್ಯೂಟಿಗಿ ಹೋಗಿದ್ದ, ಸಣ್ಣ ಕೂಸು ಬಗಲಾಗ. "ಖರೇನೇ ಬಂದ್ರೇನ್ರಿ?" ಅಂದ್ಳು. ಮಾಮಾ ಆ ಪಟ್ಟಿ ನೋಡಿದ. ಹೊಸ್ತಿಲ ಹೊರಗ ಕಟ್ಟಿ ಮ್ಯಾಲ ಕಲ್ಲು ಇಟ್ಕೊಂಡು, ನೀರು ಹಾಕಿ ಹಾಕಿ ನಾಕೂ ಮೂಲಿ ತಿಕ್ಕಿದ. ಎರಡು ತಾಸು. ಆಮ್ಯಾಲ ಒಂದೊಂದು ಮೂಲಿ ಮ್ಯಾಲೂ ತನ್ನ ಅಂಗೈ ಒತ್ತಿ ಎಳದು ನೋಡಿದ. "ಇನ್ನ ಕೊಯ್ಯಂಗಿಲ್ಲವ್ವ, ಕೂಸು ಮುಟ್ಟಿದ್ರೂ ಅಡ್ಡಿ ಇಲ್ಲ" ಅಂದ. ಅಕಿ ಚಾ ಕೊಟ್ಳು. ಸ್ಟಾರ್ ಸುದ್ದಿ ಯಾರೂ ತೆಗೀಲಿಲ್ಲ.

ಮರುದಿನದಿಂದ ಕಾರಖಾನ್ಯಾಗ ಹೊಂಡೋ ಎಲ್ಲಾ ಕಲ್ಲಿನ ಮೂಲಿ ದುಂಡಗ ಆದು.

ಅರವತ್ತನೇ ದಿನಕ್ಕ ಐವತ್ತೊಂದು ರಿವ್ಯೂ. ಮೂಲಿ ದುಂಡಗಾದ ಮ್ಯಾಲ ಸ್ಟಾರ್ ಜರಾ ಏರಿ ಮೂರು ಪಾಯಿಂಟ್ ಏಳಕ್ಕ ನಿಂತಿತ್ತು. ಕಂಪನಿ ಹುಡುಗಿ ಮುಂಜಾನಿ ಹತ್ತಕ್ಕ ಫೋನ್ ಮಾಡಿದ್ಳು, ದನಿಯಾಗ ಅಕಿದೇ ಅಂಗಡಿ ಉಳದಷ್ಟು ಖುಷಿ. ನಾ ಸ್ಪೀಕರ್ ಹಚ್ಚಿದೆ, ಮಾಮಾ ಎದುರಿಗೇ ಇದ್ದ.

"ಮೇಡಂ, ಪಾಸ್! ಸ್ಟೋರ್ ಉಳೀತು. ಇನ್ನೊಂದು ಗುಡ್ ನ್ಯೂಸ್. ಪಾಸಾದವರಿಗೆ ಮೂರು ರಿವ್ಯೂ ಮರೆ ಮಾಡೋಕೆ ಅವಕಾಶ ಇದೆ. ನಾನೇ ನೋಡಿಟ್ಟಿದ್ದೀನಿ. ಆ ಕೈ ಕೊಯ್ದಿದ್ದು, ರಕ್ತ ಅಂತೆಲ್ಲ ಇದೆಯಲ್ಲ, ಅದನ್ನ ಮೊದಲು ತೆಗೆದುಬಿಡೋಣ. ನೋಡಿದವ್ರು ಹೆದರ್ಕೋತಾರೆ. ಈಗ ಹೇಗೂ ಸರಿ ಮಾಡಿದ್ದೀರಲ್ಲ."

ನಾ ಮಾಮಾನ ಮಾರಿ ನೋಡಿದೆ. ತೆಗಿ ಅಂದ್ರ ತೆಗೀತಿದ್ದೆ, ಸುಳ್ಳು ಹೇಳಂಗಿಲ್ಲ. ಅವನಿಗಿ ಅಷ್ಟು ನೋವಾಗಿತ್ತು.

ಮಾಮಾ ಫೋನಿನ ಹತ್ರ ಬಾಗಿ, ದೂರದಾಗಿನವರಿಗಿ ಕೇಳಸ್ಲಿ ಅನ್ನಂಗ ಜೋರಾಗಿ ಅಂದ. "ತೆಗೀಬ್ಯಾಡ ಯವ್ವಾ. ಆ ಹೆಣ್ಮಗಳು ಕೈ ಕೊಯ್ಸಕೊಂಡು ಹೇಳ್ಯಾಳ. ಅದೇ ಎಲ್ಲಕ್ಕೂ ಮ್ಯಾಲ ಇರ್ಲಿ."

ಹುಡುಗಿ "ಮೇಡಂ?" ಅಂದ್ಳು.

"ಕೇಳಿದ್ರಲ್ಲ. ಮ್ಯಾಲ ಹಚ್ಚರಿ" ಅಂದೆ.

ಈಗ ನನ್ನ ಅಂಗಡಿ ಪುಟ ಯಾರೇ ತೆರದ್ರೂ ಮೊದಲು ಓದೋದು ಆ ಎರಡು ಸ್ಟಾರಿನ ಮಾತು, ಅದರ ಕೆಳಗ ನಮ್ಮ ಉತ್ತರ. ಫೋನ್ ಇಟ್ಟು ನಾ ಮಾರಿ ಒರಸಿಕೊಳ್ಳೋದರಾಗ ಮಾಮಾ ಹೋಗಿ ಮಷೀನ್ ಚಾಲು ಮಾಡಿದ್ದ.